ಲೆಕ್ಕಕ್ಕೆ ಬರದ ದಾರಿ

ಒಂದೇ ಸಂಗತಿಗೆ ನಮ್ಮಲ್ಲಿ ಎರಡು ವಾಕ್ಯಗಳಿವೆ. ‘ಎತ್ತಾಕ್ಕಂಡು ಹೋದ್ರು’ ಅನ್ನುತ್ತದೆ ಕೇರಿ. ‘ವಶಕ್ಕೆ ಪಡೆದು ಠಾಣೆಗೆ ಕರೆತರಲಾಯಿತು’ ಅನ್ನುತ್ತದೆ ಪೊಲೀಸರ ಕಾಗದ. ಮೊದಲನೆಯದರಲ್ಲಿ ಮನುಷ್ಯ ಮೂಟೆ. ಎರಡನೆಯದರಲ್ಲಿ ನೆಂಟ, ಹಬ್ಬಕ್ಕೆ ಕರೆತಂದ ಹಾಗೆ. ಈ ಎರಡು ವಾಕ್ಯಗಳ ನಡುವೆ ಒಂದು ದಾರಿ ಇದೆ. ದಾರಿಯ ಮೇಲೆ ಒಂದು ಗಾಡಿ, ಗಾಡಿಯ ಹಿಂದುಗಡೆ ಒಂದು ಮೈ. ಆ ಮೈಯನ್ನು ಹೇಗೆ ಕೂರಿಸಿದ್ದರು, ಕೈ ಮುಂದಿತ್ತೋ ಹಿಂದಿತ್ತೋ, ಉಸಿರು ಆಡುತ್ತಿತ್ತೋ ಇಲ್ಲವೋ, ಇದನ್ನು ಕೇರಿಯ ಮಾತೂ ಹೇಳುವುದಿಲ್ಲ, ಕಾಗದದ ಮಾತೂ ಹೇಳುವುದಿಲ್ಲ.

ವಿಮರ್ಶೆ ಅಂದರೆ ಕಥೆ ಕಾದಂಬರಿಗಳ ಗುಣದೋಷ ಎಣಿಸುವುದು ಮಾತ್ರ ಅಂದುಕೊಂಡವರು ಕ್ಷಮಿಸಬೇಕು. ನಮ್ಮ ಜನರ ಮೈಮೇಲೆ ನೇರವಾಗಿ ಬರೆಯುವ ಕನ್ನಡ ಗದ್ಯವೊಂದಿದ್ದರೆ ಅದು ಪೊಲೀಸರ ಗದ್ಯ. ಅದಕ್ಕೂ ಒಬ್ಬ ವಿಮರ್ಶಕ ಬೇಡವೇ? ನಾನು ಇಲ್ಲಿ ಕೆಲವು ಕಾಗದ, ಕೆಲವು ಕಲಮು, ಒಂದೆರಡು ಸಿನಿಮಾ, ಕೊನೆಗೆ ನಮ್ಮದೇ ಬರವಣಿಗೆಯನ್ನು ಆ ದಾರಿಯ ಕಣ್ಣಿಂದ ಓದಲು ಹೊರಟಿದ್ದೇನೆ.

ಮೊದಲು ನಮ್ಮ ಚಿಕ್ಕಪ್ಪನ ಮಾತು ಹೇಳಬೇಕು. ಅದಿಲ್ಲದೆ ಇದನ್ನೆಲ್ಲ ನಾನು ಓದುತ್ತಲೇ ಇರಲಿಲ್ಲ.

ನಮ್ಮದು ಜಿನನಾಥಪುರದ ಕಡೆ. ಶ್ರವಣಬೆಳಗೊಳದ ಚಿಕ್ಕಬೆಟ್ಟ ದಾಟಿದರೆ ಸಿಗುವ ಊರು. ಶಾಂತಿನಾಥ ಬಸದಿಯ ಹೊರಗೋಡೆಯ ಕೆತ್ತನೆ ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಇರುವೆ ಸಾಯಬಾರದು ಅಂತ ನವಿಲುಗರಿಯ ಪಿಂಛಿಯಲ್ಲಿ ನೆಲ ಸವರಿ ಕೂರುವ ಮುನಿಗಳು ಓಡಾಡುವ ಸೀಮೆ ಇದು. ಚಿಕ್ಕಪ್ಪ ದೊಡ್ಡಬೆಟ್ಟದಲ್ಲಿ ಡೋಲಿ ಹೊರುತ್ತಿದ್ದ. ಆರುನೂರಕ್ಕೂ ಮೇಲ್ಪಟ್ಟ ಮೆಟ್ಟಿಲು. ನಡೆಯಲಾರದ ಮುದುಕ ಮುದುಕಿಯರನ್ನು ಕುರ್ಚಿಯಲ್ಲಿ ಕೂರಿಸಿ, ಬೊಂಬು ಹೆಗಲಿಗೇರಿಸಿ ಗೊಮ್ಮಟನ ಪಾದಕ್ಕೆ ಮುಟ್ಟಿಸುವ ಕೆಲಸ. ಹತ್ತುವಾಗ ಮುಂದಿನವರು ಬೊಂಬು ತಗ್ಗಿಸಬೇಕು, ಹಿಂದಿನವರು ಎತ್ತಬೇಕು. ಇಲ್ಲದಿದ್ದರೆ ಕೂತವರು ಹಿಂದಕ್ಕೆ ವಾಲುತ್ತಾರೆ. ಇಳಿಯುವಾಗ ಇದೇ ತಿರುಗುಮುರುಗು. ‘ಕಾಲು ಒಳೀಕ್ ಮಡಿಕ್ಕಳಿ ಅಜ್ಜಿ, ಕೈ ಈ ಕಡೆ ಹಿಡ್ಕಳಿ, ತಲೆ ತಿರುಗಿದ್ರೆ ಹೇಳಿ’ ಅಂತ ತಿರುವು ತಿರುವಿಗೂ ಕೇಳಬೇಕು. ಮುಟ್ಟಿದರೆ ಮೈಲಿಗೆ ಅನ್ನುತ್ತಿದ್ದ ಮೈಗಳನ್ನೂ ಅವನ ಹೆಗಲು ಹೊತ್ತಿದೆ. ಒಬ್ಬರನ್ನೂ ಬೀಳಿಸಿಲ್ಲ.

ಮಳೆಗಾಲದಲ್ಲಿ ಬೆಟ್ಟಕ್ಕೆ ಜನ ಕಮ್ಮಿ. ಒಂದು ವರ್ಷ ಚಿಕ್ಕಪ್ಪ ಕಾಫಿ ತೋಟದ ಕೂಲಿಗೆ ಅಂತ ಮಲೆನಾಡಿನ ಕಡೆ ಹೋದ. ಅಲ್ಲೊಂದು ಪಂಪಿನ ಮೋಟಾರು ವೈರು ಕಳುವಾಯಿತು. ಹೊರಗಿನಿಂದ ಬಂದ ಕೂಲಿಯವರು ಮೂವರನ್ನು ರಾತ್ರಿ ಎತ್ತಾಕ್ಕಂಡು ಹೋದ್ರು. ಯಾವ ಠಾಣೆ, ಯಾರು ಅನ್ನುವುದು ಇಲ್ಲಿ ಬೇಡ. ಮೂರನೇ ದಿನ ಬಿಟ್ಟರು. ಕಳ್ಳ ಬೇರೆಯವನಂತೆ. ಊರಿಗೆ ಬಂದಾಗ ಚಿಕ್ಕಪ್ಪನ ಎಡ ಹೆಗಲು ಮೇಲಕ್ಕೆ ಏಳುತ್ತಿರಲಿಲ್ಲ. ಅವನ ಜೇಬಿನಲ್ಲಿ ಆಸ್ಪತ್ರೆಯ ಚೀಟಿ ಇತ್ತು. ಮನೆಯಲ್ಲಿ ಕಾಗದ ಓದುವವನು ನಾನೊಬ್ಬನೇ. ಓದಿದೆ. ‘ವಾಹನದಿಂದ ಇಳಿಯುವಾಗ ಜಾರಿ ಬಿದ್ದು’ ಅಂತ ಬರೆದಿತ್ತು.

‘ಎಷ್ಟು ಹೊಡುದ್ರು ಚಿಕ್ಕಪ್ಪ?’ ಅಂದೆ.

‘ಅವ್ರು ಅಂಥದ್ದೇನ್ ಹೊಡಿಲಿಲ್ಲ ಕಣ್ ಮಗ. ದಾರಿ ಹೊಡೀತು’ ಅಂದ.

ಕೈ ಹಿಂದಕ್ಕೆ ತಿರುಚಿ ಟವೆಲಿನಲ್ಲಿ ಕಟ್ಟಿದ್ದರು. ಜೀಪಿನ ತಗಡಿನ ನೆಲದ ಮೇಲೆ ಬೋರಲು ಕೆಡವಿದ್ದರು. ಮೇಲೆ ಇನ್ನೊಬ್ಬ. ಅವನ ಬೆನ್ನಿನ ಮೇಲೆ ಬೂಟುಗಾಲು. ಘಾಟಿ ರಸ್ತೆ, ಮಳೆ, ತಿರುವು. ಹಿಡಿದುಕೊಳ್ಳಲು ಕೈಯಿಲ್ಲದವನು ಪ್ರತಿ ತಿರುವಿನಲ್ಲೂ ಆ ಮಗ್ಗುಲಿನ ಕಬ್ಬಿಣದಿಂದ ಈ ಮಗ್ಗುಲಿನ ಕಬ್ಬಿಣಕ್ಕೆ ಬಡಿದುಕೊಳ್ಳುತ್ತಾನೆ. ಯಾರೂ ಕೈ ಎತ್ತುವ ಅಗತ್ಯವಿಲ್ಲ. ಡ್ರೈವರು ಬ್ರೇಕು ಹಾಕಿದರೆ ಸಾಕು.

ಗೆಳೆಯರೇ, ಇದು ಘಾಟಿ ರಸ್ತೆಯ ಕಥೆ ಮಾತ್ರ ಅಲ್ಲ. ಏಪ್ರಿಲ್ 2015ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಫ್ರೆಡ್ಡಿ ಗ್ರೇ ಎಂಬ ಕಪ್ಪು ಯುವಕನನ್ನು ಕೈಗೆ ಕೋಳ, ಕಾಲಿಗೆ ಸರಪಳಿ ಹಾಕಿ ಪೊಲೀಸ್ ವ್ಯಾನಿಗೆ ತುಂಬಿದರು. ಸೀಟು ಬೆಲ್ಟು ಕಟ್ಟಲಿಲ್ಲ. ವ್ಯಾನಿನೊಳಗೇ ಅವನ ಬೆನ್ನುಹುರಿ ಕುತ್ತಿಗೆಯ ಬಳಿ ಮುರಿಯಿತು. ಒಂದು ವಾರಕ್ಕೆ ಸತ್ತ. ಬಂಧಿತರಿಗೆ ಬೆಲ್ಟು ಕಟ್ಟಲೇಬೇಕು ಎಂಬ ಹೊಸ ನಿಯಮ ಆ ಊರಿನ ಪೊಲೀಸರಿಗೆ ಬಂದದ್ದು ಅದೇ ತಿಂಗಳು. ಬಂಧಿತನನ್ನು ಬೇಕೆಂದೇ ಕುಲುಕಿಸಿ ಕೊಂಡೊಯ್ಯುವುದಕ್ಕೆ ಅಲ್ಲಿನ ಜನರಲ್ಲಿ ಒಂದು ಹೆಸರೇ ಇದೆ: ‘ರಫ್ ರೈಡ್’. ಹಿಂಸೆಗೆ ಹೆಸರಿಟ್ಟವರು ಅದನ್ನು ಕೋರ್ಟಿಗೆ ಎಳೆಯಬಲ್ಲರು. ನಮಗೆ ಹೆಸರೂ ಇಲ್ಲ. ‘ದಾರಿ ಹೊಡೀತು’ ಅನ್ನುತ್ತೇವೆ, ಮಳೆ ಹೊಡೀತು ಅನ್ನುವ ಹಾಗೆ.

ಬೋರಲು ಮಲಗಿಸಿ ಕೈ ಹಿಂದಕ್ಕೆ ಕಟ್ಟುವುದರಲ್ಲಿ ಇನ್ನೊಂದು ಅಪಾಯವಿದೆ. ಎದೆ ನೆಲಕ್ಕೆ ಒತ್ತಿರುತ್ತದೆ, ಬೆನ್ನಿನ ಮೇಲೆ ಭಾರ ಬಿದ್ದರೆ ಪಕ್ಕೆಲುಬು ಅರಳಲು ಜಾಗವಿಲ್ಲ. ಉಸಿರು ಕಟ್ಟುತ್ತದೆ. ಆಗ ಮನುಷ್ಯ ಗಾಳಿಗಾಗಿ ಒದ್ದಾಡುತ್ತಾನೆ. ಆ ಒದ್ದಾಟ ಹಿಡಿದವನ ಕಣ್ಣಿಗೆ ಪ್ರತಿರೋಧದ ಹಾಗೆ ಕಾಣುತ್ತದೆ, ಇನ್ನೂ ಒತ್ತುತ್ತಾನೆ. ಅಮೆರಿಕದ ನ್ಯಾಯಾಂಗ ಇಲಾಖೆ ಈ ಬಗ್ಗೆ ತನ್ನ ಪೊಲೀಸರಿಗೆ 1995ರಲ್ಲೇ ಎಚ್ಚರಿಕೆ ಬರೆದು ಕಳಿಸಿತ್ತು: ಕೋಳ ಹಾಕಿದ ಕೂಡಲೇ ಮಗ್ಗುಲಿಗೆ ತಿರುಗಿಸಿ, ಎಬ್ಬಿಸಿ ಕೂರಿಸಿ. ಇಪ್ಪತ್ತೈದು ವರ್ಷ ಕಳೆದು 2020ರಲ್ಲಿ ಅದೇ ದೇಶದಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತ. ಕಾಗದಕ್ಕೂ ಮೈಗೂ ನಡುವೆ ದೂರ ಅಲ್ಲೂ ಇದೆ.

ಈಗ ನಮ್ಮ ಕಾಗದಗಳಿಗೆ ಬರೋಣ.

ಸಂವಿಧಾನದ 22ನೇ ವಿಧಿ. 1949ರ ಸೆಪ್ಟೆಂಬರಿನಲ್ಲಿ ಬಾಬಾಸಾಹೇಬರೇ ಇದನ್ನು ಸಭೆಯ ಮುಂದಿಟ್ಟದ್ದು, ಆಗ ಅದಕ್ಕೆ 15ಎ ಅಂತ ಹೆಸರು. ಕಾರಣ ತಿಳಿಸದೆ ಬಂಧಿಸಿಡುವ ಹಾಗಿಲ್ಲ, ವಕೀಲರನ್ನು ತಪ್ಪಿಸುವ ಹಾಗಿಲ್ಲ, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತರಬೇಕು. ನಮ್ಮಂಥವರಿಗೆ ಇದಕ್ಕಿಂತ ದೊಡ್ಡ ಪದ್ಯ ಇನ್ನೊಂದಿಲ್ಲ. ಆದರೆ ಹಳೆಯ ಕ್ರಿಮಿನಲ್ ಕಾನೂನಿನಿಂದ ಬಂದ ಒಂದು ತುಣುಕು ಇದರೊಳಗೆ ಉಳಿದುಕೊಂಡಿದೆ: ಆ 24 ಗಂಟೆಯಲ್ಲಿ ಪ್ರಯಾಣಕ್ಕೆ ಬೇಕಾದ ಸಮಯವನ್ನು ಲೆಕ್ಕಕ್ಕೆ ಹಿಡಿಯಬಾರದು. ಎತ್ತಿನ ಗಾಡಿಯ ಕಾಲದಲ್ಲಿ ಅದಕ್ಕೆ ಅರ್ಥವಿತ್ತು. ಈಗ ಶ್ರವಣಬೆಳಗೊಳದಿಂದ ಚನ್ನರಾಯಪಟ್ಟಣದ ಕೋರ್ಟಿಗೆ ಹದಿಮೂರು ಕಿಲೋಮೀಟರು, ಅರ್ಧ ಗಂಟೆ. ಆದರೂ ದಾರಿ ಗಡಿಯಾರದ ಹೊರಗೇ ಇದೆ. ಠಾಣೆಯಲ್ಲಿ ಕೂತ ಗಂಟೆಗೆ ಲೆಕ್ಕವುಂಟು, ಜೀಪಿನಲ್ಲಿ ಬಿದ್ದ ಗಂಟೆಗಿಲ್ಲ.

2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಎಲ್ಲ ಠಾಣೆಗಳಿಗೂ ಕ್ಯಾಮೆರಾ ಹಾಕಬೇಕೆಂದು ಆದೇಶ ಮಾಡಿತು. ಬಾಗಿಲು, ಲಾಕಪ್ಪು, ಪಡಸಾಲೆ, ಇನ್ಸ್‌ಪೆಕ್ಟರ ಕೋಣೆ, ಹಿತ್ತಿಲು, ಕಕ್ಕಸಿನ ಹೊರಗಡೆ, ಎಲ್ಲವನ್ನೂ ಪಟ್ಟಿ ಮಾಡಿ ಹೇಳಿತು. ಒಳ್ಳೆಯ ಪಟ್ಟಿ, ನಿಧಾನವಾಗಿ ಓದಬೇಕಾದ ಪಟ್ಟಿ. ವಾಹನ ಅದರಲ್ಲಿ ಇಲ್ಲ.

ಠಾಣೆಯ ಗೋಡೆಯ ಮೇಲಿನ ಆ ಹನ್ನೊಂದು ಸೂಚನೆಗಳನ್ನು ನಮ್ಮ ಮೇಷ್ಟ್ರುಗಳು ಒಮ್ಮೆ ನಿಂತು ಓದಬೇಕು. ಡಿ.ಕೆ. ಬಸು ಎಂಬುವರು 1986ರಲ್ಲಿ ಬಂಗಾಳದಿಂದ ಬರೆದ ಪತ್ರವೊಂದು ಹತ್ತು ವರ್ಷಕ್ಕೆ, ಡಿಸೆಂಬರ್ 1996ರಲ್ಲಿ, ತೀರ್ಪಾಗಿ ಬಂದದ್ದು. ಹೆಸರಿನ ಪಟ್ಟಿ ಧರಿಸಿರಬೇಕು, ಬಂಧನದ ಮೆಮೊ ಬರೆಯಬೇಕು, ಮೈಮೇಲಿನ ಗಾಯ ಬರೆದುಕೊಳ್ಳಬೇಕು, 48 ಗಂಟೆಗೊಮ್ಮೆ ವೈದ್ಯರಿಗೆ ತೋರಿಸಬೇಕು. ಇದರಿಂದ ಉಳಿದ ಜೀವಗಳಿವೆ, ಹಗುರ ಮಾಡಲಾರೆ. ಆದರೆ ಮೆಮೊಗೆ ಸಾಕ್ಷಿ ಯಾರು? ಮನೆಯವರು, ಇಲ್ಲವೇ ಆ ಪ್ರದೇಶದ ‘ಗೌರವಾನ್ವಿತ ವ್ಯಕ್ತಿ’. ಈ ಪದದ ಹತ್ತಿರ ನಾನು ನಿಂತುಬಿಟ್ಟೆ. ನಮ್ಮ ಹಳ್ಳಿಗಳಲ್ಲಿ ಗೌರವಾನ್ವಿತ ವ್ಯಕ್ತಿ ಅಂದರೆ ಯಾರು? ವೈರು ಕಳೆದುಕೊಂಡ ತೋಟದ ಯಜಮಾನ. ದೂರು ಕೊಟ್ಟವನೂ ಅವನೇ, ಜೀಪಿಗೆ ಡೀಸೆಲ್ ಹಾಕಿಸಿದವನೂ ಅವನೇ, ಸಾಕ್ಷಿಗೆ ರುಜು ಹಾಕುವ ಯೋಗ್ಯತೆ ಇರುವವನೂ ಅವನೇ. ಕೋರ್ಟಿಗೆ ಕೆಟ್ಟ ಮನಸ್ಸಿತ್ತು ಅನ್ನುವುದಿಲ್ಲ. ಆದರೆ ಪದಕ್ಕೂ ಜಾತಿ ಇರುತ್ತದೆ.

ಕೈಕೋಳದ ಚರಿತ್ರೆಯೂ ಹೀಗೇ. ಒಂದು ಕಾಲಕ್ಕೆ ಪಂಜಾಬಿನ ಪೊಲೀಸ್ ನಿಯಮಗಳಲ್ಲಿ ವಿಚಾರಣಾ ಖೈದಿಗಳನ್ನು ‘ಉತ್ತಮ ದರ್ಜೆ’, ‘ಸಾಮಾನ್ಯ ದರ್ಜೆ’ ಅಂತ ಎರಡು ಮಾಡಿದ್ದರು. ಉತ್ತಮರಿಗೆ ಕೋಳವಿಲ್ಲ, ಸಾಮಾನ್ಯರಿಗೆ ಉಂಟು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ 1980ರಲ್ಲಿ ಪ್ರೇಮ್ ಶಂಕರ್ ಶುಕ್ಲಾ ಪ್ರಕರಣದಲ್ಲಿ ಇದನ್ನು ಕಿತ್ತೆಸೆದರು. ಬಡವ ತಪ್ಪಿಸಿಕೊಳ್ಳುತ್ತಾನೆ, ಹಣವಂತ ತಪ್ಪಿಸಿಕೊಳ್ಳುವುದಿಲ್ಲ ಅಂತ ಯಾವ ಲೆಕ್ಕದಲ್ಲಿ ಹೇಳುತ್ತೀರಿ ಅನ್ನುವುದು ಅವರ ವಾದದ ತಿರುಳು. ತಪ್ಪಿಸಿಕೊಳ್ಳುವ ನಿಜವಾದ ಅಪಾಯವಿದ್ದರೆ ಮಾತ್ರ ಕೋಳ, ಕಾರಣವನ್ನು ಬರೆದಿಡಬೇಕು ಎಂದರು. ನಲವತ್ತೆರಡು ವರ್ಷದ ಮೇಲೆ, ಜೂನ್ 2022ರಲ್ಲಿ, ನಮ್ಮ ಹೈಕೋರ್ಟಿನ ಧಾರವಾಡ ಪೀಠ ಅದೇ ಮಾತನ್ನು ಮತ್ತೆ ಹೇಳಬೇಕಾಯಿತು. ಚೆಕ್ ಬೌನ್ಸ್ ಪ್ರಕರಣದಲ್ಲಿ ಹಿಡಿದ ಬೆಳಗಾವಿ ಜಿಲ್ಲೆಯ ಕಾನೂನು ವಿದ್ಯಾರ್ಥಿಯೊಬ್ಬನಿಗೆ ಕೋಳ ಹಾಕಿದ್ದಕ್ಕೆ ಎರಡು ಲಕ್ಷ ರೂಪಾಯಿ ಪರಿಹಾರ ಕೊಡಿಸಿ, ಬಂಧಿಸಲು ಹೋಗುವ ಪೊಲೀಸರಿಗೆ ಮೈಗೆ ಹಾಕಿಕೊಳ್ಳುವ ಕ್ಯಾಮೆರಾ ಕೊಡಿ ಅಂತ ಹೇಳಿತು. ಅವನು ಕಾನೂನು ಓದುತ್ತಿದ್ದ, ಕೋರ್ಟಿನ ಬಾಗಿಲು ಗೊತ್ತಿತ್ತು. ನಮ್ಮ ಚಿಕ್ಕಪ್ಪನಿಗೆ ಬೆಟ್ಟದ ಬಾಗಿಲು ಗೊತ್ತು.

1 ಜುಲೈ 2024ರಿಂದ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 43ನೇ ಕಲಮು ಕೊಲೆ, ಅತ್ಯಾಚಾರ, ಭಯೋತ್ಪಾದನೆ ಇತ್ಯಾದಿ ಪಟ್ಟಿ ಮಾಡಿ ಕೋಳ ಹಾಕಲು ದಾರಿ ಬಿಟ್ಟಿದೆ. ಆ ಪಟ್ಟಿಯ ತಲೆಯಲ್ಲೇ ಕೂತಿರುವವನು ‘ರೂಢಿಗತ ಅಪರಾಧಿ’. ಈ ಪದದ ಅಜ್ಜ ಯಾರು ಅನ್ನುವುದು ಕೊರಚರ ಹಟ್ಟಿಯಲ್ಲಿ ಕೇಳಿದರೆ ಹೇಳುತ್ತಾರೆ. 1871ರ ಕಾಯ್ದೆ ಹುಟ್ಟಿನಿಂದಲೇ ಕಳ್ಳರು ಅಂತ ಕೆಲವು ಜಾತಿಗಳಿಗೆ ಮುದ್ರೆ ಒತ್ತಿತು. 1952ರಲ್ಲಿ ಅದು ಹೋಯಿತು. ಮುದ್ರೆ ಹೋಯಿತೇ?

ಇನ್ನೊಂದು ಕಲಮು 56. ವಶದಲ್ಲಿ ಇಟ್ಟುಕೊಂಡವನು ಆರೋಪಿಯ ಆರೋಗ್ಯ ಮತ್ತು ಸುರಕ್ಷತೆಯ ಬಗ್ಗೆ ಸೂಕ್ತ ಎಚ್ಚರಿಕೆ ವಹಿಸಬೇಕು. ಇಷ್ಟೇ, ಒಂದು ವಾಕ್ಯ. ಹೇಗೆ ಕೂರಿಸಬೇಕು, ನೆಲಕ್ಕೆ ಏನು ಹಾಸಬೇಕು ಅನ್ನುವುದು ಅದರಲ್ಲಿಲ್ಲ. ಅದನ್ನೆಲ್ಲ ಬಿಡಿಸಿ ಬರೆಯಲು ಈ ದೇಶಕ್ಕೆ ಬರುವುದಿಲ್ಲವೇ? ಬರುತ್ತದೆ. 1978ರ ಪ್ರಾಣಿ ಸಾಗಣೆ ನಿಯಮಗಳನ್ನು ಓದಿ. ದನಗಳನ್ನು ಲಾರಿಯಲ್ಲಿ ಸಾಗಿಸುವಾಗ ಕಾಲು ಜಾರದ ಹಾಗೆ ನೆಲಕ್ಕೆ ನಾರಿನ ಚಾಪೆಯನ್ನೋ ಹಲಗೆಯನ್ನೋ ಹಾಸಬೇಕು. ಮಗ್ಗುಲಿಗೆ ಮೆತ್ತೆ ಕಟ್ಟಬೇಕು. ಒಂದು ಲಾರಿಗೆ ಆರಕ್ಕಿಂತ ಹೆಚ್ಚು ದನ ತುಂಬಬಾರದು. ಅವು ಆದಷ್ಟೂ ಎಂಜಿನ್ನಿನ ಕಡೆ ಮುಖ ಮಾಡಿರಬೇಕು. ಜೊತೆಗೊಬ್ಬ ನೋಡಿಕೊಳ್ಳುವವನಿರಬೇಕು. ಬಾಯಿಲ್ಲದ ಜೀವಕ್ಕೆ ಅಷ್ಟು ಇರಲಿ, ನನ್ನ ತಕರಾರಿಲ್ಲ. ಹೆದ್ದಾರಿಯಲ್ಲಿ ಲಾರಿ ತಡೆದು ಮನುಷ್ಯರನ್ನು ಬಡಿಯುವವರ ಬಾಯಲ್ಲೂ ಈ ನಿಯಮ ಬರುತ್ತದೆ, ಆ ಮಾತು ಬೇರೆ. ನಾನು ನೋಡುತ್ತಿರುವುದು ಗದ್ಯವನ್ನು. ದನದ ಕಾಲು ಜಾರಬಾರದು ಎಂದು ಚಾಪೆಯ ಹೆಸರು ಹೇಳಿ ಬರೆದ ಕೈ, ಮನುಷ್ಯನ ಹತ್ತಿರ ಬಂದಾಗ ‘ಸೂಕ್ತ ಎಚ್ಚರಿಕೆ’ ಅಂತ ಮುಗಿಸುತ್ತದೆ. ಆಮೇಲೆ ಆಸ್ಪತ್ರೆಯ ಚೀಟಿಯಲ್ಲಿ ‘ಜಾರಿ ಬಿದ್ದು’ ಅಂತ ಬರುತ್ತದೆ.

‘ಜಾರಿ ಬಿದ್ದು’, ‘ಪರಾರಿಯಾಗಲು ಯತ್ನಿಸಿ’. ಪೊಲೀಸ್ ಗದ್ಯದ ಎರಡು ಪಲ್ಲವಿಗಳು ಇವು. ಇಡೀ ಕಾಗದದಲ್ಲಿ ಪೊಲೀಸರು ಏನನ್ನೂ ಮಾಡುವುದಿಲ್ಲ; ಎಲ್ಲ ‘ಮಾಡಲಾಯಿತು’, ‘ಕರೆತರಲಾಯಿತು’, ‘ಗುಂಡು ಹಾರಿಸಲಾಯಿತು’. ಕರ್ತೃ ಇಲ್ಲ. ಆರೋಪಿಗೆ ಮಾತ್ರ ಕರ್ತೃತ್ವ ಸಿಗುತ್ತದೆ: ಅವನು ಜಾರುತ್ತಾನೆ, ಓಡುತ್ತಾನೆ, ಕಲ್ಲೆಸೆಯುತ್ತಾನೆ. ಸ್ಥಳ ಮಹಜರಿಗೆ ಕರೆದೊಯ್ದಾಗ ಕಾಲಿಗೆ ಗುಂಡು ಎಂಬ ಸುದ್ದಿಯನ್ನು ನಮ್ಮ ಪತ್ರಿಕೆಗಳು ಅದೇ ವ್ಯಾಕರಣದಲ್ಲಿ ಅಚ್ಚು ಹಾಕುತ್ತವೆ. 2019ರ ಡಿಸೆಂಬರಿನಲ್ಲಿ ಹೈದರಾಬಾದಿನ ಬಳಿ ಅತ್ಯಾಚಾರ ಮತ್ತು ಕೊಲೆಯ ನಾಲ್ವರು ಆರೋಪಿಗಳನ್ನು ಬೆಳಗಿನ ಜಾವ ಸ್ಥಳಕ್ಕೆ ಕರೆದೊಯ್ದು, ನಾಲ್ವರೂ ಸತ್ತಾಗ ಜನ ಪೊಲೀಸರ ಮೇಲೆ ಹೂವಿನ ಪಕಳೆ ಎರಚಿದರು. ಸುಪ್ರೀಂ ಕೋರ್ಟು ನೇಮಿಸಿದ ಸಿರ್ಪುರ್ಕರ್ ಆಯೋಗದ ವರದಿ 2022ರಲ್ಲಿ ಹೊರಬಂತು: ಪೊಲೀಸರ ಕಥೆ ನಂಬುವಂಥದ್ದಲ್ಲ, ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಿದ್ದಾರೆ. ಪಕಳೆ ಎರಚಿದವರಲ್ಲಿ ನಮ್ಮ ಗೆಳೆಯರೂ ಇದ್ದರು. ಸತ್ತ ಹೆಣ್ಣುಮಗಳ ಸಂಕಟದ ಮುಂದೆ ಈ ಮಾತು ಆಡುವುದು ಕಷ್ಟ ಅಂತ ಗೊತ್ತು. ಆದರೆ ಅವತ್ತು ಒಪ್ಪಿಕೊಂಡ ವಾಕ್ಯವೇ ನಾಳೆ ವೈರು ಕದ್ದವನ ಮೇಲೂ, ಕದಿಯದವನ ಮೇಲೂ ಬರುತ್ತದೆ.

ಸಿನಿಮಾದ ಮಾತು. ‘ಜೈ ಭೀಮ್’ 2021ರಲ್ಲಿ ಬಂತು, ಕನ್ನಡದಲ್ಲೂ ನೋಡಿದೆವು, ಅತ್ತೆವು. 1993ರಲ್ಲಿ ತಮಿಳುನಾಡಿನಲ್ಲಿ ನಡೆದ ನಿಜ ಪ್ರಕರಣ. ಲಾಕಪ್ಪಿನಲ್ಲಿ ಸತ್ತವನನ್ನು ‘ತಪ್ಪಿಸಿಕೊಂಡು ಹೋದ’ ಎಂದ ಪೊಲೀಸರ ಒಂದು ವಾಕ್ಯವನ್ನು ಬಿಚ್ಚುತ್ತಾ ಹೋಗುವುದೇ ಆ ಚಿತ್ರ. ಆ ಮಟ್ಟಿಗೆ ಅದು ಒಳ್ಳೆಯ ವಿಮರ್ಶೆ. ಆದರೆ ಹೊಡೆತವನ್ನು ಅಷ್ಟು ಹೊತ್ತು, ಅಷ್ಟು ಹತ್ತಿರದಿಂದ ತೋರಿಸಿದಾಗ ಹಿಂಸೆ ಅಂದರೆ ಲಾಠಿ, ರಕ್ತ ಅಂತ ಕಣ್ಣಿಗೆ ಅಭ್ಯಾಸವಾಗುತ್ತದೆ. ರಕ್ತ ಕಾಣದ್ದು ಹಿಂಸೆಯೇ ಅಲ್ಲ ಅನ್ನಿಸತೊಡಗುತ್ತದೆ. ಮಂಸೋರೆಯವರ ‘19.20.21’ (2023) ನಮ್ಮ ನೆಲದ್ದೇ ಚಿತ್ರ. ಕುತ್ಲೂರಿನ ವಿಠಲ ಮಲೆಕುಡಿಯ ಎಂಬ ವಿದ್ಯಾರ್ಥಿ ಮತ್ತು ಅವರ ತಂದೆಯನ್ನು 2012ರಲ್ಲಿ ನಕ್ಸಲರ ನಂಟಿನ ಆರೋಪದಲ್ಲಿ ಹಿಡಿದದ್ದು, ಒಂಬತ್ತು ವರ್ಷದ ಮೇಲೆ 2021ರಲ್ಲಿ ಕೋರ್ಟು ಬಿಡುಗಡೆ ಮಾಡಿದ್ದು ಅದರ ಹಿನ್ನೆಲೆ. ಹೆಸರು ಸಂವಿಧಾನದ ಮೂರು ವಿಧಿಗಳದು. ಒಂದು ಅಂಕಿ ಮುಂದೆ ಹೋಗಿದ್ದರೆ 22 ಸಿಗುತ್ತಿತ್ತಲ್ಲ ಅಂತ ನನಗೊಂದು ಸಣ್ಣ ಆಸೆ.

ಸಿನಿಮಾದವರನ್ನು ಅಂದದ್ದು ಸಾಕು, ನಾವು ಏನು ಮಾಡಿದೆವು? ದೇವನೂರರ ‘ಒಡಲಾಳ’ದಲ್ಲಿ ಕಡಲೆಕಾಯಿ ಹುಡುಕಿಕೊಂಡು ಪೊಲೀಸರು ಸಾಕವ್ವನ ಮನೆಗೆ ಬರುತ್ತಾರೆ. ಪೊಲೀಸರನ್ನು ಹಟ್ಟಿಯ ಒಳಗಿನಿಂದ ನೋಡಿದ ಕಣ್ಣು ಅದು, ಕನ್ನಡಕ್ಕೆ ಹೊಸದಾಗಿತ್ತು. ನಮ್ಮ ಪೀಳಿಗೆ ಆ ಕಣ್ಣನ್ನು ಮುಂದಕ್ಕೆ ಒಯ್ಯಲಿಲ್ಲ. ಪೊಲೀಸರು ಬಂದದ್ದನ್ನು ಬರೆದೆವು, ಕೊಂಡೊಯ್ದದ್ದನ್ನು ಬರೆಯಲಿಲ್ಲ. ನಮ್ಮ ಪದ್ಯಗಳಲ್ಲಿ ಬೂಟಿದೆ, ಲಾಠಿಯಿದೆ, ಖಾಕಿ ರಾಕ್ಷಸನಿದ್ದಾನೆ. ನಾನೂ ಕಾಲೇಜಿನಲ್ಲಿ ‘ಬೂಟು’ ಅಂತ ಪದ್ಯ ಬರೆದು ಚಪ್ಪಾಳೆ ಗಿಟ್ಟಿಸಿದ್ದೇನೆ. ಚಿಕ್ಕಪ್ಪ ಅದನ್ನು ಕೇಳಿಸಿಕೊಂಡು ‘ಬೂಟ್ನಾಗೆ ಏನೈತೆ ಬುಡು, ಆ ತಗಡು ಎಷ್ಟು ತಣ್ಣಗಿತ್ತು ಗೊತ್ತಾ’ ಅಂದ. ನನ್ನ ಪದ್ಯದಲ್ಲಿ ತಗಡು ಇರಲಿಲ್ಲ.

ಖಾಕಿ ರಾಕ್ಷಸ ಅಂದೆನಲ್ಲ, ಅದೂ ಸೋಮಾರಿ ಬರವಣಿಗೆಯೇ. ಜೀಪಿನ ಹಿಂದೆ ಕೂತ ಪೇದೆ ಎಷ್ಟೋ ಸಲ ನಮ್ಮ ಕೇರಿಯವನೇ. ಖೈದಿ ತಪ್ಪಿಸಿಕೊಂಡರೆ ಅವನ ಕೆಲಸ ಹೋಗುತ್ತದೆ. ಕಾವಲಿನ ಅಜಾಗರೂಕತೆಗೆ ಹಳೆಯ ದಂಡ ಸಂಹಿತೆಯಲ್ಲಿ ಎರಡು ವರ್ಷದವರೆಗೆ ಸಾದಾ ಸಜೆ ಇತ್ತು, ಹೊಸದರಲ್ಲೂ ಉಳಿದಿದೆ. ಖೈದಿಯ ಹೆಗಲು ಕಳಚಿದರೆ? ಜಾರಿ ಬಿದ್ದ, ಮುಗಿಯಿತು. ಓಡಿಹೋದ ಮೈಗೆ ಲೆಕ್ಕ ಕೇಳುತ್ತಾರೆ, ಮುರಿದ ಮೈಗೆ ಕೇಳುವುದಿಲ್ಲ. ಹೀಗಿರುವಾಗ ಹೆದರಿದ ಪೇದೆ ಹಗ್ಗವನ್ನು ಇನ್ನೊಂದು ಸುತ್ತು ಬಿಗಿಯುತ್ತಾನೆ. ಪಾಪ ಅನ್ನಲೂ ಆಗುವುದಿಲ್ಲ, ಬೈದು ಸುಮ್ಮನಾಗಲೂ ಆಗುವುದಿಲ್ಲ.

ಕಾರ್ಯಕರ್ತರಿಗೆ ಒಂದು ಮಾತು. ಯಾರನ್ನಾದರೂ ಹಿಡಿದೊಯ್ದರೆ ನಾವು ಠಾಣೆಯ ಮುಂದೆ ಕೂತು ಘೋಷಣೆ ಕೂಗುತ್ತೇವೆ. ಕೂಗೋಣ. ಅದಕ್ಕೂ ಮೊದಲು ಗಾಡಿಯ ಹಿಂದೆ ಒಂದು ಬೈಕು ಹೋಗಲಿ. ಗಾಡಿಯ ನಂಬರು, ಹೊರಟ ಗಂಟೆ, ಮುಟ್ಟಿದ ಗಂಟೆ, ಕೈ ಮುಂದೆ ಕಟ್ಟಿದ್ದರೋ ಹಿಂದೆಯೋ, ಸೀಟಿನ ಮೇಲೋ ನೆಲದ ಮೇಲೋ, ಕುಡಿಯಲು ನೀರು ಕೊಟ್ಟರೋ, ಉಬ್ಬಸದವನಿಗೆ ಔಷಧಿ ಜೊತೆಗಿತ್ತೋ, ಹೆಂಗಸಾದರೆ ಮಹಿಳಾ ಪೇದೆ ಇದ್ದಳೋ, ಉಚ್ಚೆಗೆ ನಿಲ್ಲಿಸಿ ಅಂತ ಕೇಳುವ ಧೈರ್ಯ ಅವಳಿಗಿತ್ತೋ, ಬರೆದಿಡಿ. ನೀರನ್ನು ಸಣ್ಣ ವಿಷಯ ಅನ್ನಬೇಡಿ. ನಮ್ಮ ಪಕ್ಕದ ಜಿಲ್ಲೆಯ ಗೋಣಿಬೀಡು ಠಾಣೆಯಲ್ಲಿ 2021ರ ಮೇ ತಿಂಗಳಲ್ಲಿ ದಲಿತ ಯುವಕನೊಬ್ಬ ನೀರು ಕೇಳಿದ್ದಕ್ಕೆ ಮೂತ್ರ ಕುಡಿಸಿದರು ಎಂದು ದೂರು ಕೊಟ್ಟ. ಸಿಐಡಿ ತನಿಖೆಯಾಗಿ ಸೆಪ್ಟೆಂಬರಿನಲ್ಲಿ ಸಬ್ ಇನ್ಸ್‌ಪೆಕ್ಟರನ ಬಂಧನವಾಯಿತು. ಅವನು ಬರೆದು ಕೊಟ್ಟಿದ್ದರಿಂದ ಅಷ್ಟಾದರೂ ಆಯಿತು. ಇನ್ನೊಂದು ಸಂಗತಿ ನೆನಪಿರಲಿ. ಪೊಲೀಸರಿಂದ ಏನಾದರೂ ತೊಂದರೆ ಆಯಿತಾ ಅಂತ ಮ್ಯಾಜಿಸ್ಟ್ರೇಟರು ಕೇಳಿದಾಗ ನಮ್ಮವನು ತಲೆ ಬಗ್ಗಿಸಿ ಇಲ್ಲ ಸ್ವಾಮಿ ಅನ್ನುತ್ತಾನೆ. ಯಾಕೆಂದರೆ ಕೋರ್ಟಿನ ಹೊರಗೆ ಅದೇ ಜೀಪು ನಿಂತಿರುತ್ತದೆ, ಅದರಲ್ಲೇ ವಾಪಸ್ ಹೋಗಬೇಕು.

ಚಿಕ್ಕಪ್ಪ ಈಗ ಡೋಲಿ ಹೊರುವುದಿಲ್ಲ. ಬೆಟ್ಟದ ಬುಡದಲ್ಲಿ ಎಳನೀರು ಕೆತ್ತಿ ಕೊಡುತ್ತಾನೆ, ಬಲಗೈಯಲ್ಲೇ. ಹೋದ ತಿಂಗಳು ಅವನ ಪಕ್ಕ ಕೂತು, ನೋಟ್‌ಬುಕ್ಕು ತೆಗೆದು, ಆ ರಾತ್ರಿಯನ್ನು ಮತ್ತೆ ಹೇಳು ಅಂದೆ.

‘ಎಲ್ಲಿಂದ ಹೇಳನ?’

‘ತೋಟದ ಗೇಟಿಂದ.’

‘ಗೇಟ್ ಬುಟ್ಟಾಗ ಮಳೆ ಹನೀತಿತ್ತು. ಮೊದಲ್ನೆ ತಿರುವು ಎಡಕ್ಕೆ’ ಅಂದ. ಬರೆದುಕೊಂಡೆ. ಹದಿನಾರು ತಿರುವು ಅವನಿಗೆ ನೆನಪಿವೆ.